ಬೇಸಿಗೆಯಲ್ಲಿ ತೋಟದ ಕೆಲಸ ಮಾಡುವಾಗ ಕಡಜ ಕಚ್ಚಿದರೆ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದರೂ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ತೋಟಗಳಲ್ಲಿ ಕೆಲಸಕ್ಕೆ ಬಿಡುವಿಲ್ಲ. ಬಾಳೆಗೆ ನೀರು ಹಾಯಿಸಬೇಕು, ಒಣಗಿದ ಎಲೆ ಕೊಯ್ದು ಹಾಕಬೇಕು, ಕಬ್ಬಿನ ತರಗು ತೆಗೆಯಬೇಕು, ತೆಂಗಿನಕಾಯಿ ಕೆಡವಬೇಕು, ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕು. ಈ ಕೆಲಸಗಳ ನಡುವೆ ಕೈಯೋ ಕುಡುಗೋಲೋ ಒಂದು ಗೂಡಿಗೆ ತಗುಲುತ್ತದೆ. ಮರುಕ್ಷಣವೇ ಮುಖ, ಕತ್ತು, ಬೆನ್ನಿನ ಮೇಲೆ ಕೆಂಡ ಇಟ್ಟಂತಾಗುತ್ತದೆ.

ಕಡಜ ಕಚ್ಚುವುದು ಹಳ್ಳಿಯವರಿಗೆ ಹೊಸದಲ್ಲ. ಬಹುಪಾಲು ಮಂದಿಗೆ ಒಂದೆರಡು ದಿನದ ಉರಿ, ಊತ, ತುರಿಕೆ ಅಷ್ಟೇ. ಆಮೇಲೆ ತಾನಾಗಿಯೇ ಇಳಿಯುತ್ತದೆ. ಹೀಗೆ ಪ್ರತಿ ಸಲವೂ ಇಳಿದು ಹೋಗುವುದರಿಂದಲೇ, ನಿಜವಾಗಿ ಅಪಾಯ ಬಂದಾಗ ಜನ ಅದನ್ನು ಗುರುತಿಸುವುದಿಲ್ಲ. ಬೇಸಿಗೆಯಲ್ಲಂತೂ ಈ ತಪ್ಪು ಇನ್ನೂ ಸುಲಭ. ಕಡಜ ಕಚ್ಚಿದವರಿಗೆ ತಲೆ ಸುತ್ತಿದರೆ "ಬಿಸಿಲು ಬಡಿದಿದೆ" ಎನ್ನುತ್ತಾರೆ. ಮಾರನೆಯ ದಿನ ಮೂತ್ರ ಕೆಂಪಾಗಿ ಹೋದರೆ "ಉಷ್ಣ ಆಗಿದೆ" ಎನ್ನುತ್ತಾರೆ. ಈ ಎರಡು ಮಾತುಗಳಿಂದ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ. ಅವುಗಳ ಬಗ್ಗೆ ತಿಳಿಸುವುದೇ ಈ ಬರಹದ ಮುಖ್ಯ ಉದ್ದೇಶ.

ಯಾವ ಹುಳು ಕಚ್ಚಿತು?

ಕಡಜ, ಕಣಜ, ಕಣಜದ ಹುಳು ಎಂದು ಊರಿಗೊಂದು ಹೆಸರಿದೆ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಎರಡು ಬಗೆ. ಒಂದು, ತೆಳುವಾದ ನಡುವಿನ, ಕೆಂಗಂದು ಬಣ್ಣದ ಸಣ್ಣ ಕಡಜ. ಇದು ಒಣಮರದ ನಾರನ್ನು ಅಗಿದು ಕಾಗದದಂತೆ ಮಾಡಿ, ಸೂರಿನ ಕೆಳಗೆ, ಕಿಟಕಿಯ ಮೂಲೆಯಲ್ಲಿ, ಮೋಟಾರ್ ಮನೆಯ ಸ್ಟಾರ್ಟರ್ ಡಬ್ಬಿಯೊಳಗೆ, ಒಣಗಿ ಜೋತುಬಿದ್ದ ಎಲೆಯ ಮರೆಯಲ್ಲಿ ತೆರೆದ ಗೂಡು ಕಟ್ಟುತ್ತದೆ. ಇನ್ನೊಂದು, ಕಪ್ಪು ಮೈಯ ಹೊಟ್ಟೆಯ ಮೇಲೆ ಹಳದಿ ಪಟ್ಟಿ ಇರುವ ದೊಡ್ಡ ಕಡಜ. ಇದರ ಗೂಡು ಸುತ್ತ ಮುಚ್ಚಿಕೊಂಡು ಮಡಕೆಯಂತೆ ಇರುತ್ತದೆ. ಮರದ ಕೊಂಬೆಯಲ್ಲೋ, ಪೊದೆಯಲ್ಲೋ, ಮರದ ಪೊಟರೆಯಲ್ಲೋ, ಕೆಲವೊಮ್ಮೆ ನೆಲದ ಬಿಲದಲ್ಲೋ ಕಟ್ಟಿರುತ್ತದೆ. ನೂರಾರು ಹುಳುಗಳಿರುವ ಈ ಗೂಡಿಗೆ ಕೈ ಹಾಕಿದರೆ ಅಪಾಯ ಹೆಚ್ಚು. ಗೋಡೆಯ ಮೇಲೆ ಮಣ್ಣಿನ ಗೂಡು ಕಟ್ಟುವ ಒಂಟಿ ಕಣಜವೂ ಇದೆ. ಅದು ಕಚ್ಚುವುದು ಬಹಳ ಅಪರೂಪ. ಅದಕ್ಕೆ ಹೆದರಬೇಕಾಗಿಲ್ಲ.

ಜೇನಿಗೂ ಕಡಜಕ್ಕೂ ಒಂದು ವ್ಯತ್ಯಾಸ ನೆನಪಿರಲಿ. ಜೇನಿನ ಮುಳ್ಳಿಗೆ ಗರಗಸದಂತೆ ಹಲ್ಲುಗಳಿವೆ. ಕಚ್ಚಿದ ಮೇಲೆ ಮುಳ್ಳು ವಿಷದ ಚೀಲದ ಸಮೇತ ಚರ್ಮದಲ್ಲಿಯೇ ಉಳಿಯುತ್ತದೆ, ಹುಳು ಸಾಯುತ್ತದೆ. ಕಡಜದ ಮುಳ್ಳು ನಯವಾಗಿರುವುದರಿಂದ ಒಂದೇ ಹುಳು ಮತ್ತೆ ಮತ್ತೆ ಕಚ್ಚಬಲ್ಲದು. ಚರ್ಮದಲ್ಲಿ ಮುಳ್ಳು ಕಂಡರೆ ಅದು ಜೇನು. ಉಗುರಿನಿಂದಲೋ, ಬೆರಳಿನಿಂದಲೋ, ಹೇಗಾದರೂ ಸರಿ, ಕೂಡಲೇ ತೆಗೆದುಹಾಕಿ. ಕೆರೆದು ತೆಗೆಯಬೇಕೋ ಚಿವುಟಿ ತೆಗೆಯಬೇಕೋ ಎಂದು ಚರ್ಚೆ ಮಾಡುವಷ್ಟರಲ್ಲಿ ಚೀಲದ ವಿಷವೆಲ್ಲ ಒಳಗೆ ಹೋಗಿರುತ್ತದೆ. ಹೆಜ್ಜೇನು ಗುಂಪಾಗಿ ಎರಗಿದಾಗ ಆಗುವ ತೊಂದರೆಗಳೂ, ಅದಕ್ಕೆ ಕೊಡುವ ಚಿಕಿತ್ಸೆಯೂ ಹೆಚ್ಚುಕಡಿಮೆ ಕಡಜದ್ದರಂತೆಯೇ ಇರುತ್ತವೆ.

ಇಬ್ಬರನ್ನು ಊಹಿಸಿಕೊಳ್ಳಿ

ಒಬ್ಬ ತಾಯಿ ಬಾಳೆತೋಟದಲ್ಲಿ ಎಲೆ ಕೊಯ್ಯುತ್ತಿದ್ದಾರೆ. ಒಂದೇ ಒಂದು ಕಡಜ ಕೈಗೆ ಕಚ್ಚುತ್ತದೆ. ಹತ್ತು ನಿಮಿಷದಲ್ಲಿ ಅಂಗೈ ಅಂಗಾಲು ತುರಿಸಿ, ಮೈಯೆಲ್ಲ ದದ್ದು ಏಳುತ್ತದೆ. ಗಂಟಲು ಕಟ್ಟಿದಂತಾಗಿ, ಕಣ್ಣು ಕತ್ತಲೆ ಬಂದು ಬೀಳುತ್ತಾರೆ.

ಇನ್ನೊಬ್ಬರು ತೆಂಗಿನ ಮರ ಹತ್ತಿದವರು. ಸುಳಿಯ ಬಳಿ ಗೂಡಿದ್ದದ್ದು ಕಾಣಲಿಲ್ಲ. ಮೂವತ್ತು ನಲವತ್ತು ಕಡೆ ಕಚ್ಚಿದೆ. ಹೇಗೋ ಇಳಿದು ಬಂದಿದ್ದಾರೆ. ನೋವು ವಿಪರೀತ, ಆದರೆ ಮಾತನಾಡುತ್ತಾರೆ, ನಡೆಯುತ್ತಾರೆ. ಒಂದು ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಎರಡನೆಯ ದಿನ ಮೂತ್ರ ಕಡಿಮೆಯಾಗುತ್ತದೆ.

ಇವರಲ್ಲಿ ಯಾರ ಸ್ಥಿತಿ ಗಂಭೀರ ಎಂದು ಕೇಳಿದರೆ ಇಬ್ಬರದೂ ಹೌದು. ಆದರೆ ಕಾರಣ ಬೇರೆ, ಗಡುವು ಬೇರೆ. ಆ ತಾಯಿಗೆ ಆದದ್ದು ಅಲರ್ಜಿ. ಅಲ್ಲಿ ಕಚ್ಚಿದ ಲೆಕ್ಕ ಮುಖ್ಯವಲ್ಲ, ಒಂದೇ ಸಾಕು. ಸಮಯ ಇರುವುದು ನಿಮಿಷಗಳಲ್ಲಿ. ಮರ ಹತ್ತಿದವರಿಗೆ ಆದದ್ದು ವಿಷದ ಪ್ರಮಾಣ ಹೆಚ್ಚಾದದ್ದು. ಅಲ್ಲಿ ಎಷ್ಟು ಕಚ್ಚಿದೆ ಎಂಬ ಲೆಕ್ಕವೇ ಮುಖ್ಯ. ತೊಂದರೆ ಕಾಣುವುದು ಗಂಟೆಗಳ ಮೇಲೆ, ಕೆಲವೊಮ್ಮೆ ಎರಡು ಮೂರು ದಿನಗಳ ಮೇಲೆ.

ಬಿಸಿಲು ಬಡಿದದ್ದೋ, ಅಲರ್ಜಿಯೋ?

ಮಧ್ಯಾಹ್ನದ ಬಿಸಿಲಿನಲ್ಲಿ ಕೆಲಸ ಮಾಡುತ್ತಿದ್ದವರಿಗೆ ಕಡಜ ಕಚ್ಚಿ, ಬೆವರಿ, ತಲೆ ಸುತ್ತಿ ಬಿದ್ದರೆ ಮೊದಲು ನೆನಪಾಗುವುದು ಬಿಸಿಲು. ಮರದ ನೆರಳಿಗೆ ಕರೆದೊಯ್ದು ಕೂರಿಸಿ, ಮಜ್ಜಿಗೆಯೋ ನೀರುಬೆಲ್ಲವೋ ಕುಡಿಸಿ, ಗಾಳಿ ಬೀಸಿ, "ಸ್ವಲ್ಪ ಹೊತ್ತು ಸುಧಾರಿಸಿಕೊಳ್ಳಲಿ" ಎಂದು ಕಾಯುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಅಲರ್ಜಿಯಾಗಿದ್ದರೆ ಆ ಸ್ವಲ್ಪ ಹೊತ್ತು ಅವರ ಬಳಿ ಇರುವುದಿಲ್ಲ. ತೀವ್ರ ಅಲರ್ಜಿಯಲ್ಲಿ ಕೆಲವರಿಗೆ ಹತ್ತು ಹದಿನೈದು ನಿಮಿಷಗಳಲ್ಲಿಯೇ ಹೃದಯ ನಿಲ್ಲಬಹುದು.

ಆದ್ದರಿಂದ ಒಂದು ನಿಯಮ ಇಟ್ಟುಕೊಳ್ಳಿ. ಕಡಜ ಅಥವಾ ಜೇನು ಕಚ್ಚಿದ ಒಂದು ಗಂಟೆಯೊಳಗೆ, ಕಚ್ಚಿದ ಜಾಗ ಬಿಟ್ಟು ಮೈಯ ಬೇರೆ ಕಡೆ ಏನಾದರೂ ತೊಂದರೆ ಕಂಡರೆ ಅದು ಬಿಸಿಲಿನದಲ್ಲ, ಕಚ್ಚಿದ್ದರದ್ದೇ ಎಂದು ತಿಳಿದು ಹೊರಡಿ. ಬಿಸಿಲಿನದೇ ಆಗಿದ್ದರೆ ಆಸ್ಪತ್ರೆಗೆ ಬಂದದ್ದರಿಂದ ನಷ್ಟವೇನಿಲ್ಲ. ಮೈತುಂಬ ದದ್ದು, ತುಟಿ ನಾಲಗೆ ಊದುವುದು, ಧ್ವನಿ ಗೊಗ್ಗರಾಗುವುದು, ಉಸಿರಾಡುವಾಗ ಸಿಳ್ಳೆಯಂತೆ ಸದ್ದು ಬರುವುದು, ಹೊಟ್ಟೆ ಹಿಡಿದುಕೊಂಡು ವಾಂತಿ ಅಥವಾ ಭೇದಿಯಾಗುವುದು, ತಲೆ ಸುತ್ತುವುದು, ಇವೆಲ್ಲ ಲಕ್ಷಣಗಳು. ಎಲ್ಲವೂ ಒಟ್ಟಿಗೆ ಬರಬೇಕೆಂದಿಲ್ಲ. ಕೆಲವರಿಗೆ ದದ್ದೇ ಏಳದೆ ನೇರವಾಗಿ ರಕ್ತದೊತ್ತಡ ಕುಸಿಯುತ್ತದೆ. ಬಿಸಿಲಿಗೆ ಸಿಕ್ಕವರಂತೆ ಕಾಣುವವರು ಇವರೇ. ವಯಸ್ಸಾದವರಿಗೆ ಎದೆನೋವು ಬಂದರೂ ನಿರ್ಲಕ್ಷಿಸಬೇಡಿ.

ಇಂಥವರನ್ನು ಅಂಗಾತ ಮಲಗಿಸಿ, ಕಾಲ ಕೆಳಗೆ ಚೀಲವನ್ನೋ ಮಡಿಸಿದ ಬಟ್ಟೆಯನ್ನೋ ಇಟ್ಟು ಎತ್ತರಿಸಿ. ಉಸಿರಾಟಕ್ಕೆ ಕಷ್ಟವಿದ್ದರೆ ಮಾತ್ರ ಒರಗಿಸಿ ಕೂರಿಸಬಹುದು. ಎಬ್ಬಿಸಿ ನಡೆಸಬಾರದು. ಮಲಗಿದವರನ್ನು ಥಟ್ಟನೆ ನಿಲ್ಲಿಸಿದಾಗಲೇ ರಕ್ತದೊತ್ತಡ ಪೂರ್ತಿ ಕುಸಿದು ಪ್ರಾಣ ಹೋಗಬಹುದು. ಎಚ್ಚರ ತಪ್ಪಿದವರಿಗೆ, ವಾಂತಿ ಮಾಡುತ್ತಿರುವವರಿಗೆ ಬಾಯಿಗೆ ಏನನ್ನೂ ಹಾಕಬೇಡಿ. ಎಚ್ಚರವಿಲ್ಲದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಗರ್ಭಿಣಿಯರನ್ನು ಎಡ ಮಗ್ಗುಲಿಗೆ ಮಲಗಿಸಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ತರುವುದಕ್ಕಿಂತ ಆಟೋ, ಟೆಂಪೋ, ಕಾರು, ಯಾವುದರಲ್ಲಾದರೂ ಮಲಗಿಸಿಕೊಂಡು ತರುವುದು ಮೇಲು. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲಿ ಹೊರಡಿ.

ಎಲ್ಲಿಗೆ ಹೋಗಬೇಕು? ಇಲ್ಲಿ ನಮ್ಮವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. "ಇಲ್ಲೇನಿದೆ, ಮೈಸೂರಿಗೇ ಹೋಗೋಣ" ಎಂದು ಹತ್ತಿರದ ಆಸ್ಪತ್ರೆಯನ್ನು ದಾಟಿಕೊಂಡು ಹೋಗುತ್ತಾರೆ. ತೀವ್ರ ಅಲರ್ಜಿಗೆ ಪ್ರಾಣ ಉಳಿಸುವ ಮದ್ದು ಅಡ್ರಿನಲಿನ್ ಎಂಬ ಇಂಜೆಕ್ಷನ್. ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಕೊಡುತ್ತಾರೆ. ದೊಡ್ಡವರಿಗೆ ಅರ್ಧ ಮಿಲಿ ಸಾಕು. ಸುಧಾರಿಸದಿದ್ದರೆ ಐದು ನಿಮಿಷದ ಮೇಲೆ ಮತ್ತೊಮ್ಮೆ. ಬಹಳ ಅಗ್ಗದ, ಬಹಳ ಹಳೆಯ ಮದ್ದು. ಇದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರವೋ, ತಾಲ್ಲೂಕು ಆಸ್ಪತ್ರೆಯೋ, ಯಾವುದು ಹತ್ತಿರವೋ ಅಲ್ಲಿಗೆ ಮೊದಲು ಹೋಗಿ ಈ ಇಂಜೆಕ್ಷನ್ ಆಗಲಿ. ಮೈಸೂರಿಗೆ ಹೋಗುವ ಮಾತು ಆಮೇಲೆ. ಅಲರ್ಜಿ ಮಾತ್ರೆ, ಸ್ಟೆರಾಯ್ಡ್ ಇಂಜೆಕ್ಷನ್ ಇವೆಲ್ಲ ಜೊತೆಗೆ ಕೊಡುವಂಥವು. ಅವು ಅಡ್ರಿನಲಿನ್ ಬದಲಿಗೆ ಬರುವುದಿಲ್ಲ.

ಇಂಜೆಕ್ಷನ್ ಆದ ಮೇಲೆ ರೋಗಿ ಬೇಗ ಚೇತರಿಸಿಕೊಂಡು, "ನನಗೇನೂ ಆಗಿಲ್ಲ, ಹಾಲು ಕರೆಯುವ ಹೊತ್ತಾಯಿತು" ಎಂದು ಹೊರಡುವ ಆತುರ ಮಾಡಬಹುದು. ಕೆಲವರಿಗೆ ಕೆಲವು ಗಂಟೆಗಳ ಮೇಲೆ ಅದೇ ಲಕ್ಷಣಗಳು ಎರಡನೆಯ ಸಲ ಬರುತ್ತವೆ. ವೈದ್ಯರು ಇರಲು ಹೇಳಿದಷ್ಟು ಹೊತ್ತು ಇರಿ. ಹಸುವನ್ನು ಆ ಒಂದು ಹೊತ್ತು ನೆರೆಮನೆಯವರು ಕರೆದಾರು.

"ಹೋದ ವರ್ಷ ಕಚ್ಚಿದಾಗ ಏನೂ ಆಗಲಿಲ್ಲವಲ್ಲ" ಎಂದು ಅನೇಕರು ಕೇಳುತ್ತಾರೆ. ಅಲರ್ಜಿಯ ಸ್ವಭಾವವೇ ಹಾಗೆ. ಮೊದಲ ಸಲ ದೇಹ ಆ ವಿಷವನ್ನು ಗುರುತು ಹಿಡಿಯುತ್ತದೆ, ಮುಂದಿನ ಸಲ ಅತಿಯಾಗಿ ಪ್ರತಿಕ್ರಿಯಿಸುತ್ತದೆ. ಇದನ್ನು ಮೊದಲು ವಿವರಿಸಿದವರು ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಎಂಬ ವಿಜ್ಞಾನಿಗಳು, 1902ರಲ್ಲಿ. ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ನೋಡುತ್ತಿದ್ದಾಗ, ಮೊದಲ ಸಲ ತಡೆದುಕೊಂಡಿದ್ದ ನಾಯಿ ಕೆಲವು ವಾರಗಳ ಮೇಲೆ ಬಹಳ ಕಡಿಮೆ ಪ್ರಮಾಣಕ್ಕೇ ಸತ್ತುಹೋಯಿತು. ರಿಷೆಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದ್ದರಿಂದ ಹಿಂದೆ ಏನೂ ಆಗಿಲ್ಲ ಎಂಬುದು ಧೈರ್ಯಕ್ಕೆ ಸಾಲದು. ಹಿಂದೆ ಒಮ್ಮೆ ಮೈತುಂಬ ದದ್ದೆದ್ದು, ಉಸಿರು ಕಟ್ಟಿದ್ದರಂತೂ ಮುಂದಿನ ಸಲವೂ ಹಾಗಾಗುವ ಸಾಧ್ಯತೆ ಹೆಚ್ಚು.

"ಉಷ್ಣ" ಎಂದು ಸುಮ್ಮನಿರಬೇಡಿ

ಈಗ ಮರ ಹತ್ತಿದವರ ವಿಷಯ. ಕಡಜದ ವಿಷ ಹೆಚ್ಚು ಪ್ರಮಾಣದಲ್ಲಿ ಮೈಗೆ ಸೇರಿದಾಗ ರಕ್ತದ ಕೆಂಪು ಕಣಗಳೂ ಮಾಂಸಖಂಡಗಳೂ ಒಡೆಯುತ್ತವೆ. ಒಡೆದ ಪದಾರ್ಥವೆಲ್ಲ ಸೋಸಿಹೋಗಬೇಕಾದದ್ದು ಮೂತ್ರಪಿಂಡಗಳ ಮೂಲಕ. ಅಲ್ಲಿ ಅದು ಸಿಕ್ಕಿಕೊಂಡು ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ವಿಷವೂ ಮೂತ್ರಪಿಂಡಕ್ಕೆ ನೇರವಾಗಿ ಹಾನಿ ಮಾಡುತ್ತದೆ. ಬೇಸಿಗೆಯಲ್ಲಿ ಬೆವರಿ ಬೆವರಿ ಮೈಯಲ್ಲಿ ನೀರು ಕಡಿಮೆಯಾಗಿರುವವರಿಗೆ ಇದು ಇನ್ನೂ ಬೇಗ ಆಗುತ್ತದೆ.

ಆಗ ಮೂತ್ರದ ಬಣ್ಣ ಬದಲಾಗುತ್ತದೆ. ಕೆಂಪಾಗಿಯೋ, ಕಾಫಿ ಡಿಕಾಕ್ಷನ್‌ನಂತೆ ಕಂದಾಗಿಯೋ ಹೋಗುತ್ತದೆ, ಅಥವಾ ಪ್ರಮಾಣವೇ ಕಡಿಮೆಯಾಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಮೂತ್ರ ಹಳದಿಯಾಗಿ ಉರಿದರೆ ಉಷ್ಣ ಎಂದು ಎಳನೀರು, ಬಾರ್ಲಿ ನೀರು ಕುಡಿಯುತ್ತಾರೆ. ಮಾಮೂಲಿ ದಿನ ಸರಿ. ಕಡಜ ಕಚ್ಚಿದ ಮೂರು ದಿನದೊಳಗೆ ಹೀಗಾದರೆ ಅದು ಉಷ್ಣವಲ್ಲ. ಮೂತ್ರಪಿಂಡ ಕೈಕೊಟ್ಟವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿರುತ್ತದೆ, ಎಳನೀರಿನಲ್ಲಿಯೂ ಪೊಟ್ಯಾಸಿಯಂ ಹೇರಳ. ಒಳ್ಳೆಯದೆಂದು ಕುಡಿಸಿದ್ದೇ ಹೃದಯಕ್ಕೆ ಕೆಡುಕಾಗಬಹುದು.

ಎಷ್ಟು ಕಚ್ಚಿದರೆ ಆಸ್ಪತ್ರೆಗೆ ಬರಬೇಕು? ದೊಡ್ಡ ಕಡಜವಾದರೆ ಹತ್ತಕ್ಕಿಂತ ಹೆಚ್ಚು ಕಡೆ ಕಚ್ಚಿದ್ದರೆ, ಚೆನ್ನಾಗಿಯೇ ಇದ್ದರೂ ಬನ್ನಿ. ಮಕ್ಕಳು, ಮುದುಕರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರಾದರೆ ಅದಕ್ಕಿಂತ ಕಡಿಮೆ ಇದ್ದರೂ ಬನ್ನಿ. 2013ರಲ್ಲಿ ಚೀನಾದ ಶಾನ್‌ಷಿ ಪ್ರಾಂತ್ಯದಲ್ಲಿ ಕೆಲವೇ ತಿಂಗಳುಗಳಲ್ಲಿ ದೊಡ್ಡ ಕಡಜಗಳ ದಾಳಿಗೆ 40ಕ್ಕೂ ಹೆಚ್ಚು ಜನ ಸತ್ತರು, 1,600ಕ್ಕೂ ಹೆಚ್ಚು ಜನ ಗಾಯಗೊಂಡರು. ಅನೇಕರಿಗೆ ಆದದ್ದು ಮೂತ್ರಪಿಂಡದ ವೈಫಲ್ಯವೇ. ಹೊಲದಲ್ಲಿ ಕೆಲಸ ಮಾಡುತ್ತಿದ್ದ ರೈತರೂ ಅವರಲ್ಲಿದ್ದರು.

ಹಾವಿನ ವಿಷಕ್ಕೆ ಇರುವಂತೆ ಕಡಜದ ವಿಷಕ್ಕೆ ಪ್ರತಿವಿಷದ ಇಂಜೆಕ್ಷನ್ ನಮ್ಮಲ್ಲಿ ಇಲ್ಲ. "ಹಾವಿನ ಇಂಜೆಕ್ಷನ್ ಆದರೂ ಹಾಕಿ" ಎಂದು ಒತ್ತಾಯಿಸಿದರೆ ಪ್ರಯೋಜನವಿಲ್ಲ. ಅದರಿಂದಲೇ ಅಲರ್ಜಿ ಆಗಬಹುದು. ಚಿಕಿತ್ಸೆಯೆಂದರೆ ರಕ್ತನಾಳದ ಮೂಲಕ ಸಾಕಷ್ಟು ದ್ರವ ಕೊಟ್ಟು ಮೂತ್ರ ಚೆನ್ನಾಗಿ ಹೋಗುವಂತೆ ನೋಡಿಕೊಳ್ಳುವುದು, ರಕ್ತವನ್ನು ಪದೇ ಪದೇ ಪರೀಕ್ಷಿಸುವುದು, ಅಗತ್ಯ ಬಿದ್ದರೆ ಡಯಾಲಿಸಿಸ್. ಡಯಾಲಿಸಿಸ್ ಎಂದ ಕೂಡಲೇ ಎದೆ ಒಡೆದುಕೊಳ್ಳಬೇಡಿ. ಇದು ವರ್ಷಗಟ್ಟಲೆ ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಕೆಟ್ಟಂತೆ ಅಲ್ಲ. ಸಕಾಲಕ್ಕೆ ಬಂದವರಲ್ಲಿ ಬಹುಪಾಲು ಮಂದಿಗೆ ಕೆಲವು ದಿನ ಅಥವಾ ವಾರಗಳಲ್ಲಿ ಮೂತ್ರಪಿಂಡ ಮತ್ತೆ ಕೆಲಸ ಶುರುಮಾಡುತ್ತದೆ.

ಒಂದು ಮಾತು ಒತ್ತಿ ಹೇಳಬೇಕು. ಹಲವು ಕಡೆ ಕಚ್ಚಿಸಿಕೊಂಡವರು ನೋವು ತಾಳಲಾರದೆ ಮೆಡಿಕಲ್ ಸ್ಟೋರಿನಲ್ಲಿ ಡೈಕ್ಲೋಫೆನಾಕ್ ಮುಂತಾದ ನೋವಿನ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಾರೆ. ಇವು ಮೂತ್ರಪಿಂಡಕ್ಕೆ ಹೊರೆ. ಈಗಾಗಲೇ ವಿಷದಿಂದ ನಲುಗುತ್ತಿರುವ ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು ಕೊಟ್ಟಂತೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಒಂದೆರಡು ಕಡೆ ಮಾತ್ರ ಕಚ್ಚಿದ್ದರೆ

ಬೇರೆ ಯಾವ ಲಕ್ಷಣವೂ ಇಲ್ಲದಿದ್ದರೆ ಮನೆಯಲ್ಲಿಯೇ ನೋಡಿಕೊಳ್ಳಬಹುದು. ಮೊದಲು ಉಂಗುರ, ಬಳೆ, ಕಾಲುಂಗುರ ತೆಗೆಯಿರಿ. ಊತ ಏರಿದ ಮೇಲೆ ಅವು ಬರುವುದಿಲ್ಲ, ಬೆರಳಿಗೆ ರಕ್ತ ನಿಂತು ಹೋಗುತ್ತದೆ. ಸೋಪು ನೀರಿನಲ್ಲಿ ತೊಳೆದು, ತಣ್ಣೀರಿನ ಬಟ್ಟೆಯನ್ನೋ, ಬಟ್ಟೆಯಲ್ಲಿ ಸುತ್ತಿದ ಐಸನ್ನೋ ಹತ್ತು ನಿಮಿಷ ಇಡಿ. ತುರಿಕೆಗೆ ಸೆಟ್ರಿಜಿನ್ ಮಾತ್ರೆ, ಹಚ್ಚಲು ಕ್ಯಾಲಮೈನ್ ಲೋಷನ್ ಸಾಕು. ಒಂದು ಗಂಟೆ ಹೊತ್ತು ಒಬ್ಬರೇ ಇರಬಾರದು, ಜೊತೆಯಲ್ಲಿ ಯಾರಾದರೂ ಇರಲಿ. ಒಂದೇ ಕಡೆ ಕಚ್ಚಿದ್ದರೂ ಬಾಯಿಯೊಳಗೆ, ಗಂಟಲಿನ ಬಳಿ ಅಥವಾ ಕಣ್ಣುಗುಡ್ಡೆಗೆ ಕಚ್ಚಿದ್ದರೆ ಆಸ್ಪತ್ರೆಗೆ ಬರಲೇಬೇಕು.

ಸುಣ್ಣ ಹಚ್ಚುವುದು ಹಳೆಯ ರೂಢಿ. ವಿಷ ಹುಳಿ, ಸುಣ್ಣ ಕ್ಷಾರ, ಎರಡೂ ಸೇರಿ ಸಮವಾಗುತ್ತದೆ ಎಂದು ಓದಿದವರೂ ಹೇಳುವುದುಂಟು. ಆದರೆ ವಿಷ ಇರುವುದು ಚರ್ಮದ ಕೆಳಗೆ, ಸುಣ್ಣ ಇರುವುದು ಮೇಲೆ. ಮೇಲಾಗಿ ನೋವು ಊತಕ್ಕೆ ಕಾರಣ ವಿಷದಲ್ಲಿರುವ ಪ್ರೋಟೀನ್‌ಗಳು, ಹುಳಿಯಲ್ಲ. ಸುಣ್ಣದಿಂದ ಚರ್ಮ ಸುಡುವುದಂತೂ ಖಂಡಿತ. ಸೀಮೆಎಣ್ಣೆಯೂ ಬೇಡ. ಕಬ್ಬಿಣ ಉಜ್ಜುವುದರಿಂದ, ಈರುಳ್ಳಿ ಹಚ್ಚುವುದರಿಂದ ಕೆಡುಕೇನೂ ಇಲ್ಲ, ಅದಕ್ಕಾಗಿ ಕಾಯುತ್ತಾ ಕೂರದಿದ್ದರೆ. ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಯಿಂದ ಹೀರುವುದು ಮಾಡಲೇಬಾರದು.

ನಂಜು ಮತ್ತು ಪಥ್ಯ

ನಂಜುಂಡೇಶ್ವರನ ಊರಿನ ಸುತ್ತಮುತ್ತ ಇರುವ ನಮಗೆ ನಂಜು ಎಂಬ ಮಾತು ಬಹಳ ಬಳಕೆಯದು. ಕಡಜ ಕಚ್ಚಿದ ಎರಡನೆಯ ದಿನ ಕೈ ಮೊಣಕೈವರೆಗೆ ಊದಿಕೊಂಡರೆ "ನಂಜೇರಿದೆ" ಎಂದು ಗಾಬರಿಯಿಂದ ಬರುತ್ತಾರೆ. ಕಚ್ಚಿದ ಜಾಗದ ಊತ ಒಂದೆರಡು ದಿನ ಹೆಚ್ಚುತ್ತಾ ಹೋಗಿ, ಆಮೇಲೆ ನಿಧಾನವಾಗಿ ಒಂದು ವಾರ ಹತ್ತು ದಿನದಲ್ಲಿ ಇಳಿಯುವುದು ಸಹಜ. ಇದು ಕೀವಾಗಿರುವುದಲ್ಲ, ಇದಕ್ಕೆ ಆ್ಯಂಟಿಬಯೋಟಿಕ್ ಮಾತ್ರೆ ಬೇಕಿಲ್ಲ. ಮೂರು ನಾಲ್ಕು ದಿನದ ಮೇಲೆ ಜ್ವರ ಬಂದು, ಕೆಂಪು ಹರಡಿ, ಕೀವು ಕಂಡರೆ ಮಾತ್ರ ಅದು ಸೋಂಕು, ಆಗ ತೋರಿಸಿ.

ಪಥ್ಯದ ಬಗ್ಗೆಯೂ ಕೇಳುತ್ತಾರೆ. ನಂಜಿನ ಪದಾರ್ಥ ಎಂದು ಬದನೆಕಾಯಿ, ಕುಂಬಳಕಾಯಿ, ಕಡಲೆಕಾಯಿ ಎಲ್ಲ ಬಿಡಿಸಿ, ಕೆಲವು ಮನೆಗಳಲ್ಲಿ ನೀರನ್ನೂ ಕಡಿಮೆ ಕೊಡುತ್ತಾರೆ. ಬದನೆಕಾಯಿ ಬಿಟ್ಟರೂ ತಿಂದರೂ ವ್ಯತ್ಯಾಸವಿಲ್ಲ, ಮನಸ್ಸಿಗೆ ಸಮಾಧಾನವಾದರೆ ಬಿಡಿ. ನೀರು ಮಾತ್ರ ಬಿಡಬೇಡಿ. ವೈದ್ಯರು ನೀರಿಗೆ ಮಿತಿ ಹೇಳದಿದ್ದಲ್ಲಿ ಚೆನ್ನಾಗಿ ಕುಡಿಯಲಿ.

ಗೂಡಿಗೆ ಕೈ ತಗುಲದಂತೆ

ಕಡಜ ಸುಮ್ಮಸುಮ್ಮನೆ ಮೇಲೆ ಬೀಳುವ ಪ್ರಾಣಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್‌ಕರ್ ಅವರು ನಮ್ಮ ಸೂರಿನಲ್ಲಿ ಗೂಡು ಕಟ್ಟುವ ಸಣ್ಣ ಕಡಜದ ಸಂಸಾರವನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಅವರ ಗ್ರಂಥವನ್ನು ಹೊರತಂದಿತು. ಒಂದೊಂದು ಹುಳುವಿಗೂ ಬಣ್ಣದ ಚುಕ್ಕೆ ಇಟ್ಟು, ಗೂಡಿನ ಬಳಿಯೇ ಗಂಟೆಗಟ್ಟಲೆ ಕೂತು ಯಾರು ಏನು ಮಾಡುತ್ತಾರೆ ಎಂದು ಬರೆದುಕೊಂಡವರು ಅವರು ಮತ್ತು ಅವರ ವಿದ್ಯಾರ್ಥಿಗಳು. ಗೂಡನ್ನು ಅಲುಗಿಸದಿದ್ದರೆ ಹತ್ತಿರವಿದ್ದರೂ ಹುಳುಗಳು ತಮ್ಮ ಪಾಡಿಗೆ ಇರುತ್ತವೆ ಎಂಬುದಕ್ಕೆ ಇದೇ ಸಾಕ್ಷಿ. ಕಡಜಗಳು ಬೆಳೆಯ ಮೇಲಿನ ಕಂಬಳಿಹುಳು, ಕಾಯಿಕೊರಕ ಹುಳುಗಳನ್ನು ಹಿಡಿದು ಮರಿಗಳಿಗೆ ತಿನ್ನಿಸುತ್ತವೆ. ತೋಟದ ಮೂಲೆಯಲ್ಲಿ ಯಾರೂ ಓಡಾಡದ ಕಡೆ ಗೂಡಿದ್ದರೆ ಹಾಗೇ ಬಿಡುವುದು ರೈತರಿಗೇ ಲಾಭ.

ಬೇಸಿಗೆಯಲ್ಲಿ ಇವು ನಮ್ಮ ಹತ್ತಿರ ಹೆಚ್ಚು ಸುಳಿಯುವುದಕ್ಕೆ ಕಾರಣ ನೀರು. ಗೂಡು ಕಾಯ್ದಾಗ ಹನಿ ಹನಿ ನೀರು ತಂದು ಗೂಡಿನ ಮೇಲಿಟ್ಟು ರೆಕ್ಕೆ ಬೀಸಿ ತಂಪು ಮಾಡುತ್ತವೆ. ಆದ್ದರಿಂದ ಸೋರುವ ನಲ್ಲಿ, ಹನಿ ನೀರಾವರಿಯ ಪೈಪು, ದನದ ತೊಟ್ಟಿ, ಸಿಮೆಂಟ್ ತೊಟ್ಟಿಯ ಅಂಚಿನಲ್ಲಿ ಸೇರುತ್ತವೆ. ಅಲ್ಲಿ ಕೈಕಾಲು ತೊಳೆಯುವ ಮುನ್ನ ನೋಡಿ. ಸಿಹಿಗೂ ಬರುತ್ತವೆ. ಕೊಳೆತ ಮಾವು, ಹಲಸು, ಆಲೆಮನೆಯ ಕಬ್ಬಿನ ಹಾಲು ಅವಕ್ಕೆ ಪ್ರಿಯ. ತೆರೆದಿಟ್ಟ ಕಬ್ಬಿನ ಹಾಲು, ಪಾನಕದ ಲೋಟ, ಕೊಚ್ಚಿಟ್ಟ ಎಳನೀರು ಬಾಯಿಗಿಡುವ ಮುಂಚೆ ಒಳಗೆ ಒಮ್ಮೆ ನೋಡಿ. ಗಂಟಲೊಳಗೆ ಕಚ್ಚಿದರೆ ಅಲರ್ಜಿ ಇಲ್ಲದವರಿಗೂ ಊತದಿಂದ ಉಸಿರು ಕಟ್ಟಬಹುದು.

ಕೆಲಸ ಶುರು ಮಾಡುವ ಮುನ್ನ ಎರಡು ನಿಮಿಷ ನಿಂತು ನೋಡುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಹುಳುಗಳು ಒಂದೇ ದಾರಿಯಲ್ಲಿ ಒಂದೇ ಜಾಗಕ್ಕೆ ಹೋಗಿ ಬರುತ್ತಿದ್ದರೆ ಅಲ್ಲಿ ಗೂಡಿದೆ ಎಂದೇ ಅರ್ಥ. ಕಳೆ ಹೊಡೆಯುವ ಮೆಷಿನ್ನಿನ ಅದುರಾಟ ಗೂಡನ್ನು ಕೆರಳಿಸುತ್ತದೆ. ಅದರ ಸದ್ದಿನಲ್ಲಿ ಹುಳುವಿನ ಸದ್ದು ಕೇಳುವುದೂ ಇಲ್ಲ. ಬದುವಿನ ಪೊದೆಗಳನ್ನು ಮೆಷಿನ್ ಹಾಕುವ ಮುನ್ನ ಕಣ್ಣಾಡಿಸಿ. ಬಾಳೆಯ ಒಣ ಎಲೆಯನ್ನು ಕೈಯಿಂದ ಎಳೆಯುವ ಬದಲು ಉದ್ದನೆಯ ಕೋಲಿನಿಂದ ತಟ್ಟಿ ನೋಡಿ. ಸ್ಟಾರ್ಟರ್ ಡಬ್ಬಿಯ ಬಾಗಿಲನ್ನು ಕೈ ಹಾಕುವ ಮೊದಲು ತುಸು ತೆರೆದು ನೋಡಿ. ಅಲ್ಲಿ ಕಚ್ಚಿದ ಗಾಬರಿಗೆ ಕೈ ಎಲ್ಲೋ ತಗುಲಿ ವಿದ್ಯುತ್ ಆಘಾತವಾಗುವ ಭಯವೂ ಇದೆ. ಬರಿಮೈಯಲ್ಲಿ ಕೆಲಸ ಮಾಡುವವರು ಪೊದೆಯ ಕೆಲಸಕ್ಕಾದರೂ ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ತಲೆಗೆ ಟವೆಲ್ ಇರಲಿ. ಹೂವು ಮುಡಿಯಬಾರದು, ಎಣ್ಣೆ ಹಚ್ಚಬಾರದು ಎಂದೂ ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಗೂಡು ಎಲ್ಲಿದೆ ಎಂದು ನೋಡಿಕೊಳ್ಳುವುದರ ಮುಂದೆ ಅದು ದೊಡ್ಡದಲ್ಲ.

ಹುಳುಗಳು ಎದ್ದವೆಂದರೆ ಕೈ ಬೀಸಬೇಡಿ, ಹೊಡೆದು ಜಜ್ಜಬೇಡಿ. ಜಜ್ಜಿದ ಹುಳುವಿನಿಂದ ಹೊರಡುವ ವಾಸನೆ ಉಳಿದವನ್ನು ಕರೆಯುತ್ತದೆ. ಟವೆಲ್ಲನ್ನೋ ಸೆರಗನ್ನೋ ಮುಖಕ್ಕೆ ಮುಚ್ಚಿಕೊಂಡು ನೇರವಾಗಿ ದೂರ ಓಡಿ, ಮನೆಯೊಳಗೋ ವಾಹನದೊಳಗೋ ಸೇರಿ ಬಾಗಿಲು ಹಾಕಿ. ನಾಲೆಗೆ, ಬಾವಿಗೆ ಹಾರಬೇಡಿ. ಮನೆ, ಅಂಗನವಾಡಿ, ಶಾಲೆಯ ಹತ್ತಿರ ದೊಡ್ಡ ಗೂಡಿದ್ದರೆ ಕಲ್ಲು ಹೊಡೆಯುವುದು, ಪಂಜು ಕಟ್ಟಿ ಸುಡುವುದು ಮಾಡದೆ ಗ್ರಾಮ ಪಂಚಾಯಿತಿಗೆ ತಿಳಿಸಿ, ಈ ಕೆಲಸ ಬಲ್ಲವರಿಂದ ತೆಗೆಸಿ. ಬೇಸಿಗೆಯ ಒಣ ತೋಟದಲ್ಲಿ ಪಂಜಿನ ಕಿಡಿ ಬಿದ್ದರೆ ಗೂಡಿನ ಜೊತೆ ತೋಟವೂ ಹೋಗುತ್ತದೆ.

ವಾರ್ಡಿನಲ್ಲಿ ಜೊತೆಗಿರುವವರಿಗೆ

ಯಾವ ಹುಳು, ಎಷ್ಟು ಹೊತ್ತಿಗೆ ಕಚ್ಚಿತು, ಸುಮಾರು ಎಷ್ಟು ಕಡೆ, ಹಿಂದೆ ಕಚ್ಚಿದಾಗ ಏನಾಗಿತ್ತು ಎಂಬುದನ್ನು ಬಂದ ಕೂಡಲೇ ತಿಳಿಸಿ. ರೋಗಿ ಬಿ.ಪಿ. ಅಥವಾ ಹೃದಯದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಯನ್ನೋ ಮಾತ್ರೆಯ ಹಾಳೆಯನ್ನೋ ತನ್ನಿ. ಅಟೆನೋಲಾಲ್ ಮುಂತಾದ ಕೆಲವು ಮಾತ್ರೆಗಳನ್ನು ನುಂಗುವವರಲ್ಲಿ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದಿರಬಹುದು, ಆಗ ಬೇರೆ ಮದ್ದು ಬೇಕಾಗುತ್ತದೆ. ಹಾಗೆಂದು ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ.

ಮೂತ್ರ ಅಳೆಯಲು ನರ್ಸಮ್ಮ ಜಾರ್ ಕೊಟ್ಟಿದ್ದರೆ ಒಂದು ಸಲದ್ದನ್ನೂ ಚೆಲ್ಲಬೇಡಿ. ರಾತ್ರಿ ಎರಡು ಗಂಟೆಗೆ ಹೋದದ್ದೂ ಲೆಕ್ಕಕ್ಕೆ ಬೇಕು. ಬಣ್ಣ ಬದಲಾದರೆ ತೋರಿಸಿ, ನಾಚಿಕೆ ಬೇಡ. ಒಂದು ದಿನದ ರಕ್ತಪರೀಕ್ಷೆ ಸರಿಯಿತ್ತು ಎಂದು ಮಾರನೆಯ ದಿನದ್ದು ಬೇಡವೆನ್ನಬೇಡಿ. ಕ್ರಿಯಾಟಿನಿನ್ ಎಂಬ ಅಂಶ ಏರುವುದು ಎರಡನೆಯ, ಮೂರನೆಯ ದಿನವೇ.

ಮನೆಗೆ ಕಳುಹಿಸುವಾಗ ಕೊಡುವ ಚೀಟಿಯಲ್ಲಿ "ಕಡಜದ ಅಲರ್ಜಿ" ಎಂದು ಬರೆದಿದ್ದರೆ ಅದನ್ನು ರೇಷನ್ ಕಾರ್ಡ್ ಇಡುವ ಕಡೆ ಜೋಪಾನವಾಗಿಡಿ, ಮನೆಯವರಿಗೆಲ್ಲ ತಿಳಿದಿರಲಿ. ಅಂಥವರು ಮುಂದೆ ತೋಟಕ್ಕೆ ಒಬ್ಬರೇ ಹೋಗುವುದು ಬೇಡ, ಜೊತೆಗೊಬ್ಬರು ಮತ್ತು ಒಂದು ಫೋನ್ ಇರಲಿ. ಹಲವು ಕಡೆ ಕಚ್ಚಿಸಿಕೊಂಡವರು ಮನೆಗೆ ಹೋದ ಮೇಲೂ ಒಂದು ವಾರ ಮೂತ್ರದ ಬಣ್ಣ, ಪ್ರಮಾಣ ನೋಡಿಕೊಳ್ಳಿ. ಮುಖ, ಪಾದ ಊದಿಕೊಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ಬನ್ನಿ, ರಾತ್ರಿಯಾದರೂ ಸರಿ.